ತಿದ್ದುವ ಕೈಗಳ ಚರಿತ್ರೆ: ಕತೆಗಾರನಿಗೆ ಎಂಥ ಸಂಪಾದಕ ಬೇಕು?



ಕಳೆದ ಒಂದು ವರ್ಷದೊಳಗೆ ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಮೂವರು ತಾವು ಬರೆದ ಕಥೆ, ಕಾದಂಬರಿಗಳ ಹಸ್ತಪ್ರತಿಯನ್ನು ನನಗೆ ಕಳಿಸಿದ್ದಾರೆ. ಒಬ್ಬರು ಕುಷ್ಟಗಿಯವರು; ಒಬ್ಬರು ಗಂಗಾವತಿ ಬಳಿಯ ಕ್ಯಾಂಪಿನವರು; ಮತ್ತೊಬ್ಬರು ಯಲಬುರ್ಗಾ ತಾಲೂಕಿನಿಂದ ಹೋಗಿ ಪುಣೆಯಲ್ಲಿ ನೆಲೆಸಿದವರು. ಮೂವರ ಪ್ರಶ್ನೆಯೂ ಹೆಚ್ಚುಕಡಿಮೆ ಒಂದೇ. “ಸರ್, ಪುಸ್ತಕ ಮಾಡುವ ಮೊದಲು ಎಡಿಟಿಂಗ್ ಮಾಡಿಸಬೇಕು ಅಂತಾರ. ಯಾವ ಎಡಿಟಿಂಗು, ಯಾರ ಕಡೆಯಿಂದ ಅಂತ ತಿಳಿಯವಲ್ದು.” ಮೂವರಿಗೂ ಬೇರೆ ಬೇರೆಯಾಗಿ ಪತ್ರ ಬರೆಯುವ ಬದಲು ಇಲ್ಲಿಯೇ ವಿಸ್ತಾರವಾಗಿ ಬರೆಯುವುದು ಮೇಲೆಂದು ತೋರಿತು. ನಾನು ಇತಿಹಾಸದ ಮಾಸ್ತರನಾದ್ದರಿಂದ ನೇರವಾಗಿ ಉತ್ತರ ಹೇಳುವುದು ನನಗೆ ಒಗ್ಗುವುದಿಲ್ಲ, ಹಿಂದಿನಿಂದ ಬರಬೇಕು. ತಾಳ್ಮೆಯಿಂದ ಓದಬೇಕಾಗಿ ವಿನಂತಿ.

ಒಂದು ಶಬ್ದ, ಹಲವು ಅರ್ಥ

ಮೊದಲ ಗೊಂದಲ ಇರುವುದು ಶಬ್ದದಲ್ಲಿಯೇ. ‘ಸಂಪಾದನೆ’ ಎಂದರೆ ನಮ್ಮ ಹಳ್ಳಿಯ ಹಿರಿಯರಿಗೆ ದುಡಿಮೆ, ಗಳಿಕೆ. ‘ಶೂನ್ಯಸಂಪಾದನೆ’ಯನ್ನು ಬಲ್ಲ ಮಠದ ಪಂಡಿತರಿಗೆ ಅದು ಅನುಭಾವದ ಗಳಿಕೆಯೂ ಹೌದು, ಹದಿನೈದನೆಯ ಶತಮಾನದಲ್ಲಿ ಶಿವಗಣಪ್ರಸಾದಿ ಮಹಾದೇವಯ್ಯ ಶರಣರ ವಚನಗಳನ್ನು ಸಂವಾದ ರೂಪದಲ್ಲಿ ಜೋಡಿಸಿದ ಕೆಲಸವೂ ಹೌದು. ವಿಶ್ವವಿದ್ಯಾಲಯದ ವಿದ್ವಾಂಸರಿಗೆ ಸಂಪಾದನೆಯೆಂದರೆ ಹಲವು ಓಲೆಗರಿಗಳನ್ನು ಹೋಲಿಸಿ, ಪಾಠಭೇದಗಳನ್ನು ಗುರುತಿಸಿ, ಕವಿ ಬರೆದಿರಬಹುದಾದ ಮೂಲಪಾಠಕ್ಕೆ ಹತ್ತಿರ ಹೋಗುವುದು. ಪತ್ರಿಕೆಯವರಿಗೆ ಅದು ಬಂದ ಬರಹಗಳಲ್ಲಿ ಆಯ್ದು, ಕತ್ತರಿಸಿ, ತಲೆಬರಹ ಕೊಟ್ಟು ಪುಟ ತುಂಬಿಸುವ ಕಾರ್ಯ. ಇವೆಲ್ಲ ಆದ ಮೇಲೆ ಉಳಿಯುವುದು ನಮ್ಮ ವಿದ್ಯಾರ್ಥಿಗಳು ಕೇಳುತ್ತಿರುವ ಅರ್ಥ: ಬದುಕಿರುವ ಲೇಖಕನೊಬ್ಬನ ಕಥೆಯನ್ನು ಅವನ ಜೊತೆ ಕುಳಿತು ಇನ್ನಷ್ಟು ಚೆನ್ನಾಗಿಸುವುದು. ಈ ಕೊನೆಯ ಅರ್ಥಕ್ಕೆ ಕನ್ನಡದಲ್ಲಿ ಸ್ಥಿರವಾದ ಹೆಸರು ಇನ್ನೂ ನಿಂತಿಲ್ಲ. ಹೆಸರಿಲ್ಲದ ಕೆಲಸಕ್ಕೆ ಅಳತೆಯೂ ಇರುವುದಿಲ್ಲ, ಬೆಲೆಯೂ ಇರುವುದಿಲ್ಲ. ಅದಕ್ಕಾಗಿಯೇ ಜನ ಒಂದನ್ನು ಕೇಳಿ ಮತ್ತೊಂದನ್ನು ಪಡೆದು ಬರುತ್ತಾರೆ.

ಕೊಪಣದ ನೆಲದಲ್ಲಿ ದೋಷವಿಚಾರ

ತಿದ್ದುವ ವಿದ್ಯೆ ನಮಗೆ ಹೊಸದೇನಲ್ಲ. ಕ್ರಿ.ಶ. 850ರ ಸುಮಾರಿನ ‘ಕವಿರಾಜಮಾರ್ಗ’ವನ್ನು ನಾವು ಸಾಮಾನ್ಯವಾಗಿ ಒಂದೇ ಕಾರಣಕ್ಕೆ ನೆನೆಯುತ್ತೇವೆ. ಕಿಸುವೊಳಲು, ಕೊಪಣ, ಪುಲಿಗೆರೆ, ಒಕ್ಕುಂದ, ಈ ನಾಲ್ಕು ಊರುಗಳ ನಡುವಿನ ನಾಡಿನ ಕನ್ನಡವೇ ಕನ್ನಡದ ತಿರುಳು ಎಂದು ಅದು ಹೇಳಿದೆ, ಆ ಕೊಪಣವೇ ನಮ್ಮ ಕೊಪ್ಪಳ, ಎಂದು ಸಭೆಗಳಲ್ಲಿ ಎದೆ ತಟ್ಟಿಕೊಳ್ಳುತ್ತೇವೆ. ತಪ್ಪಲ್ಲ. ಆದರೆ ಆ ಗ್ರಂಥದ ಮೂರು ಪರಿಚ್ಛೇದಗಳಲ್ಲಿ ಮೊದಲನೆಯದು ಇರುವುದೇ ದೋಷ ಯಾವುದು, ಅದೋಷ ಯಾವುದು ಎಂಬ ವಿವೇಚನೆಗೆ. ನೃಪತುಂಗನ ಆಸ್ಥಾನದ ಶ್ರೀವಿಜಯನು ಕೆಟ್ಟ ಪ್ರಯೋಗವೊಂದನ್ನು ಮುಂದಿಟ್ಟು, ಅದನ್ನು ಹೀಗೆ ಹೇಳಿದರೆ ಸರಿಯಾಗುತ್ತದೆ ಎಂದು ಪಕ್ಕದಲ್ಲಿಯೇ ತಿದ್ದಿ ತೋರಿಸುತ್ತಾನೆ. ಸಂಸ್ಕೃತ, ಕನ್ನಡ ಪದಗಳನ್ನು ಹದವರಿಯದೆ ಸಮಾಸ ಮಾಡುವುದು ಕುದಿಯುವ ಹಾಲಿಗೆ ಮಜ್ಜಿಗೆಯ ಹನಿ ಬೆರೆಸಿದಂತೆ ಎಂದು ಎಚ್ಚರಿಸುತ್ತಾನೆ. ಅಡುಗೆಮನೆಯ ಈ ಹೋಲಿಕೆಗಿಂತ ಚೆನ್ನಾಗಿ ವಾಕ್ಯದೋಷವನ್ನು ವಿವರಿಸಿದ ಬೋಧಕನನ್ನು ನಾನು ಕಂಡಿಲ್ಲ.

ಅದಕ್ಕಿಂತಲೂ ಮುಖ್ಯವಾದ ಮಾತೊಂದು ಅಲ್ಲಿದೆ. ಪ್ರದೇಶದಿಂದ ಪ್ರದೇಶಕ್ಕೆ ಕನ್ನಡ ಬೇರೆ ಬೇರೆಯಾಗಿರುವುದರಿಂದ, ಸಾವಿರ ನಾಲಗೆಯ ವಾಸುಕಿಯೂ ಅದರ ದೋಷಗಳನ್ನು ಪಟ್ಟಿ ಮಾಡಲಾರದೆ ಬೇಸತ್ತಾನು ಎಂಬ ಅಭಿಪ್ರಾಯ ಅದು. ಅಂದರೆ ಸುಮಾರು 1170 ವರ್ಷಗಳ ಹಿಂದೆಯೇ, ಒಂದು ಊರಿನ ಸಹಜ ಮಾತು ಮತ್ತೊಂದು ಊರಿನವನ ಕಿವಿಗೆ ತಪ್ಪಾಗಿ ಕೇಳುತ್ತದೆ ಎಂಬ ಸಮಸ್ಯೆ ತಿದ್ದುವವರ ಮುಂದೆ ಇತ್ತು. ಇದನ್ನು ನೆನಪಿನಲ್ಲಿಟ್ಟುಕೊಳ್ಳಿರಿ, ಮುಂದೆ ಬೇಕಾಗುತ್ತದೆ.

ಹತ್ತನೆಯ ಶತಮಾನದಲ್ಲಿ ಲಕ್ಕುಂಡಿಯ ಅತ್ತಿಮಬ್ಬೆ ಪೊನ್ನನ ‘ಶಾಂತಿಪುರಾಣ’ದ ಸಾವಿರ ಪ್ರತಿಗಳನ್ನು ಬರೆಸಿ ಹಂಚಿದಳು. ಮುದ್ರಣಯಂತ್ರವಿಲ್ಲದ ಕಾಲದಲ್ಲಿ ಸಾವಿರ ಪ್ರತಿ! ಆದರೆ ಬರೆಯುವ ಕೈ ಹೆಚ್ಚಿದಷ್ಟೂ ತಪ್ಪು ಹೆಚ್ಚುತ್ತದೆ. ಲಿಪಿಕಾರನಿಗೆ ನಿದ್ದೆ ಬಂದರೆ ಒಂದು ಸಾಲು ಹಾರಿಹೋಗುತ್ತದೆ. ಅವನು ಜಾಣನಾದರೆ ಇನ್ನೂ ಕಷ್ಟ, ಏಕೆಂದರೆ ತನಗೆ ಅರ್ಥವಾಗದ ಪದವನ್ನು ತೆಗೆದು ತನಗೆ ಗೊತ್ತಿದ್ದ ಪದವನ್ನು ಇಟ್ಟುಬಿಡುತ್ತಾನೆ. ಇಪ್ಪತ್ತನೆಯ ಶತಮಾನದ ನಮ್ಮ ಗ್ರಂಥಸಂಪಾದಕರು ಹೋರಾಡಿದ್ದು ಬಹುಮಟ್ಟಿಗೆ ಈ ಜಾಣ ಲಿಪಿಕಾರರ ವಿರುದ್ಧ. ಡಿ.ಎಲ್. ನರಸಿಂಹಾಚಾರ್ಯರ ‘ಕನ್ನಡ ಗ್ರಂಥಸಂಪಾದನೆ’ (1964) ಮತ್ತು ಆಮೇಲೆ ಬಂದ ಎಂ.ಎಂ. ಕಲಬುರ್ಗಿಯವರ ಶಾಸ್ತ್ರಗ್ರಂಥ, ಇವೆರಡರ ಒಟ್ಟು ಬೋಧೆ ಇದು: ಸಂಪಾದಕನು ತನ್ನ ರುಚಿಯನ್ನು ಕವಿಯ ಮೇಲೆ ಹೇರಬಾರದು, ತಿದ್ದಿದ ಪ್ರತಿಯೊಂದು ಅಕ್ಷರಕ್ಕೂ ಲೆಕ್ಕ ಕೊಡಬೇಕು. ಸತ್ತ ಕವಿಗೆ ತೋರಿಸಿದ ಈ ಮರ್ಯಾದೆಯನ್ನು ಬದುಕಿರುವ ಕತೆಗಾರನಿಗೂ ತೋರಿಸಬೇಡವೇ?

ಅಚ್ಚುಮೊಳೆಯ ಕಾಲ

ಅಚ್ಚುಕೂಟಗಳು ಬಂದ ಮೇಲೆ ಕಥನಸಾಹಿತ್ಯ ಬೆಳೆಯಿತು. ಗುಲ್ವಾಡಿ ವೆಂಕಟರಾಯರ ‘ಇಂದಿರಾಬಾಯಿ’ 1899ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯದಿಂದ ಹೊರಬಂದಿತು. ನಮ್ಮ ಕಡೆಗೆ ಕಾದಂಬರಿಯ ರುಚಿ ಹತ್ತಿಸಿದವರು ಗಳಗನಾಥರು (1869–1942). ಅವರೂ ಶಾಲಾಮಾಸ್ತರರು. 1907ರಲ್ಲಿ ಆರಂಭವಾದ ‘ಸದ್ಬೋಧ ಚಂದ್ರಿಕೆ’ಯ ಮೂಲಕ ಕಾದಂಬರಿಗಳನ್ನು ಓದುಗರಿಗೆ ಮುಟ್ಟಿಸಿದರು, ಪುಸ್ತಕದ ಗಂಟನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದರು. ಬರೆದವರು, ತಿದ್ದಿದವರು, ಅಚ್ಚು ಮಾಡಿಸಿದವರು, ಮಾರಿದವರು ಎಲ್ಲ ಒಬ್ಬರೇ. ಆ ಪೀಳಿಗೆಗೆ ‘ವೃತ್ತಿಪರ ಸಂಪಾದಕ’ ಎಂಬ ಕಲ್ಪನೆ ಇರಲಿಲ್ಲ. ಇದ್ದುದು ಕರಡು ತಿದ್ದುವವನು ಮಾತ್ರ.

‘ಕರಡು’ ಎಂಬ ನಮ್ಮ ಶಬ್ದವೂ ಗಮನಾರ್ಹ. ಲೇಖಕ ಮೊದಲು ಬರೆದ ಹಸಿ ಬರಹವೂ ಕರಡು. ಅಚ್ಚುಕೂಟದಿಂದ ತಿದ್ದಲು ಬರುವ ಪ್ರೂಫೂ ಕರಡು. ಎರಡಕ್ಕೂ ಒಂದೇ ಹೆಸರಾದ್ದರಿಂದ, ಕರಡು ತಿದ್ದಿಸಿದರೆ ಕೃತಿಯನ್ನೇ ತಿದ್ದಿಸಿದಂತೆ ಎಂಬ ನಂಬಿಕೆ ಬೆಳೆಯಿತೇನೋ. ಮೊಳೆ ಜೋಡಿಸುವವನು ‘ಬ’ ಇರುವಲ್ಲಿ ‘ಭ’ ಇಟ್ಟರೆ ಹಿಡಿಯುವುದು ಕರಡು ತಿದ್ದುವವನ ಧರ್ಮ. ಕಥೆಯ ಮೂರನೆಯ ಅಧ್ಯಾಯ ಅನಾವಶ್ಯಕವೆಂದು ಹೇಳುವುದು ಅವನ ಧರ್ಮವಲ್ಲ. ಎಷ್ಟು ತಿದ್ದಿದರೂ ಉಳಿದ ತಪ್ಪುಗಳಿಗೆ ಹಿಂದಿನ ಪುಸ್ತಕಗಳ ಕೊನೆಯಲ್ಲಿ ‘ಒಪ್ಪೋಲೆ’ ಎಂಬ ಪಟ್ಟಿ ಇರುತ್ತಿತ್ತು. ತಪ್ಪಿನ ಪಟ್ಟಿಗೆ ‘ಒಪ್ಪು’ ಎಂದು ಹೆಸರಿಟ್ಟ ಹಿರಿಯರ ಸೌಜನ್ಯ ದೊಡ್ಡದು!

ನಮ್ಮ ಕೊಪ್ಪಳ ಸೀಮೆಯ ಸ್ಥಿತಿ ಇನ್ನೂ ಬೇರೆ. 1948ರ ಸೆಪ್ಟೆಂಬರ್ ತನಕ ನಾವು ನಿಜಾಮರ ಆಡಳಿತದಲ್ಲಿದ್ದೆವು. ಕಚೇರಿಯ ಭಾಷೆ ಉರ್ದು, ಮೇಲಿನ ತರಗತಿಗಳ ಭಾಷೆಯೂ ಉರ್ದು. ಪುಸ್ತಕ ಮಾಡಬೇಕೆಂದರೆ ಗಡಿಯಾಚೆಯ ಗದಗ, ಹುಬ್ಬಳ್ಳಿ, ಧಾರವಾಡಗಳ ಕಡೆಗೆ ನೋಡಬೇಕು. ಗದುಗಿಗೆ ‘ಮುದ್ರಣ ಕಾಶಿ’ ಎಂಬ ಹೆಸರು ಸುಮ್ಮನೆ ಬಂದದ್ದಲ್ಲ. 1956ರಿಂದ ಹುಬ್ಬಳ್ಳಿಯಿಂದ ಬರತೊಡಗಿದ ‘ಕಸ್ತೂರಿ’ ಮಾಸಪತ್ರಿಕೆ ನಮ್ಮ ಮನೆಗಳಿಗೆ ಓದಿನ ಕಿಟಕಿಯಾಯಿತು. ಅದರ ಸಂಪಾದಕರಾಗಿದ್ದ ಪಾ.ವೆಂ. ಆಚಾರ್ಯರು ದೊಡ್ಡ ಗ್ರಂಥವನ್ನು ಜೀವ ಹೋಗದಂತೆ ಸಂಗ್ರಹಿಸುವ ಕಲೆಯಲ್ಲಿ ನಿಪುಣರು. ಅದು ಸಂಕ್ಷೇಪಣೆ, ಸಂಪಾದನೆಯ ಇನ್ನೊಂದು ಮುಖ.

ಧಾರವಾಡದ ಅಟ್ಟ

ಬದುಕಿರುವ ಲೇಖಕನ ಹಸ್ತಪ್ರತಿಯನ್ನು ಕೂಡಿ ಓದಿ, ಚರ್ಚಿಸಿ ಪ್ರಕಟಿಸುವ ಪರಂಪರೆಯನ್ನು ಕಾಣಬೇಕಾದರೆ ಧಾರವಾಡದ ಮನೋಹರ ಗ್ರಂಥಮಾಲೆಗೆ ಹೋಗಬೇಕು. 1933ರಲ್ಲಿ ಆರಂಭವಾದ ಈ ಸಂಸ್ಥೆಯನ್ನು ಜಿ.ಬಿ. ಜೋಶಿಯವರು (1904–1993) ದಶಕಗಳ ಕಾಲ ನಡೆಸಿದರು. ವರ್ಷದ ಚಂದಾ ಕೊಟ್ಟವರಿಗೆ ವರ್ಷದ ಪುಸ್ತಕಗಳು, ಎಂಬ ಸರಳ ವ್ಯವಸ್ಥೆ. ಸುಭಾಸ ರಸ್ತೆಯ ಮೇಲಂತಸ್ತಿನ ಅವರ ಕಚೇರಿ ಸಾಹಿತ್ಯಲೋಕದಲ್ಲಿ ‘ಅಟ್ಟ’ ಎಂದೇ ಪ್ರಸಿದ್ಧ. ಅಲ್ಲಿಯ ಸಾಹಿತ್ಯ ಸಲಹೆಗಾರರು ಕೀರ್ತಿನಾಥ ಕುರ್ತಕೋಟಿಯವರು (1928–2003): ಗದುಗಿನವರು, ಗುಜರಾತಿನಲ್ಲಿ ಇಂಗ್ಲಿಷ್ ಅಧ್ಯಾಪಕರಾಗಿದ್ದವರು, ಕನ್ನಡದ ಬಹುದೊಡ್ಡ ಓದುಗರಲ್ಲಿ ಒಬ್ಬರು.

ಈ ಅಟ್ಟದಿಂದ ಇಳಿದು ಬಂದ ಪುಸ್ತಕಗಳನ್ನು ನೋಡಿರಿ. 1961ರಲ್ಲಿ ಗಿರೀಶ ಕಾರ್ನಾಡರ ‘ಯಯಾತಿ’; ಆಗ ಅವರು ಆಕ್ಸ್‌ಫರ್ಡಿನಲ್ಲಿ ಓದುತ್ತಿದ್ದ ತರುಣ. 1964ರಲ್ಲಿ ‘ತುಘಲಕ್’. 1965ರಲ್ಲಿ ಯು.ಆರ್. ಅನಂತಮೂರ್ತಿಯವರು ಇಂಗ್ಲೆಂಡಿನಲ್ಲಿದ್ದಾಗ ಬರೆದ ‘ಸಂಸ್ಕಾರ’. ಕನ್ನಡದಲ್ಲಿ ಗಟ್ಟಿಯಾದ ಐತಿಹಾಸಿಕ ನಾಟಕಗಳಿಲ್ಲ ಎಂಬ ಕುರ್ತಕೋಟಿಯವರ ವಿಮರ್ಶೆಯ ಮಾತು ತಮ್ಮನ್ನು ‘ತುಘಲಕ್’ ಕಡೆಗೆ ತಿರುಗಿಸಿತೆಂದು ಕಾರ್ನಾಡರೇ ಹೇಳಿಕೊಂಡಿದ್ದಾರೆ. ಒಂದು ಅಲ್ಪವಿರಾಮವನ್ನೂ ಮುಟ್ಟದೆ ಒಬ್ಬ ಲೇಖಕನ ಮುಂದಿನ ಕೃತಿಯನ್ನೇ ರೂಪಿಸಿದ ಓದುಗ ಅವರು. ಸಂಪಾದನೆಯ ಮೊದಲ ಮೆಟ್ಟಿಲು ಪೆನ್ನಲ್ಲ, ಓದು ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಪತ್ರಿಕೆಯ ಸಂಪಾದಕನೂ ಇಂಥ ಕೆಲಸ ಮಾಡಬಲ್ಲ. ಕಾಸರಗೋಡಿನಲ್ಲಿ ಹುಟ್ಟಿದ ಸಾರಾ ಅಬೂಬಕ್ಕರ್ ಅವರ ‘ಚಂದ್ರಗಿರಿಯ ತೀರದಲ್ಲಿ’ ಮೊದಲು ಓದುಗರಿಗೆ ಸಿಕ್ಕಿದ್ದು 1980ರಲ್ಲಿ ಆರಂಭವಾಗಿದ್ದ ‘ಲಂಕೇಶ್ ಪತ್ರಿಕೆ’ಯ ಧಾರಾವಾಹಿಯಾಗಿ. ತನ್ನ ಸಮುದಾಯದ ಹೆಣ್ಣಿನ ಬದುಕನ್ನು ನೀನೇ ಬರೆ ಎಂದು ಲೇಖಕಿಗೆ ಧೈರ್ಯ ತುಂಬುವ ಸಂಪಾದಕ ಇಲ್ಲದಿದ್ದರೆ ಎಷ್ಟೋ ಕಥೆಗಳು ಮನೆಯ ಹೊಸ್ತಿಲು ದಾಟುತ್ತಿರಲಿಲ್ಲ.

ಕಿನ್ನಾಳದ ಗೊಂಬೆ ಹೇಳುವ ಕ್ರಮ

ಇನ್ನು ವಿಷಯಕ್ಕೆ ಬರೋಣ. ಹಸ್ತಪ್ರತಿಗೆ ಬೇಕಾಗುವ ನೆರವು ಒಂದೇ ಬಗೆಯದಲ್ಲ. ಸ್ಥೂಲವಾಗಿ ನಾಲ್ಕು ಬಗೆಯದು. ಇದನ್ನು ವಿವರಿಸಲು ನಮ್ಮ ಕಿನ್ನಾಳದ ಚಿತ್ರಗಾರರೇ ಸಾಕು. ಅವರು ಹಗುರ ಮರವನ್ನು ಮೊದಲು ಕಡಿದು ಆಕಾರ ಕೊಡುತ್ತಾರೆ. ಕೈಕಾಲುಗಳನ್ನು ಹುಣಸೆಬೀಜದ ಅಂಟಿನಿಂದ ಜೋಡಿಸುತ್ತಾರೆ. ಆಮೇಲೆ ಸೆಣಬಿನ ಪುಡಿ, ಹುಣಸೆ ಅಂಟು ಕೂಡಿಸಿದ ‘ಕಿಟ್ಟ’ವನ್ನು ಮೈಗೆಲ್ಲ ಮೆತ್ತಿ ಸಂದು ಮುಚ್ಚುತ್ತಾರೆ. ಅದರ ಮೇಲೆ ಕಲ್ಲುಪುಡಿಯ ಲೇಪ ಹಚ್ಚಿ ನುಣುಪು ಮಾಡುತ್ತಾರೆ. ಎಲ್ಲಕ್ಕೂ ಕೊನೆಗೆ ಬಣ್ಣ, ಕಣ್ಣು. ಗರುಡನ ರೆಕ್ಕೆ ಕೂಡಿಸುವ ಮೊದಲೇ ಕಣ್ಣು ಬರೆದ ಚಿತ್ರಗಾರನನ್ನು ಯಾರಾದರೂ ಕಂಡಿದ್ದೀರಾ?

ಮೊದಲನೆಯದು ಆಕಾರದ ಪರಿಶೀಲನೆ. ಕಥೆ ಎಲ್ಲಿ ಆರಂಭವಾಗಬೇಕು, ಯಾರ ಕಣ್ಣಿನಿಂದ ಕಾಣಬೇಕು, ಯಾವ ಪಾತ್ರ ಹೆಚ್ಚು, ಯಾವ ಅಧ್ಯಾಯ ಭಾರ, ಇವು ಇಲ್ಲಿಯ ಪ್ರಶ್ನೆಗಳು. ಇಂಥ ಸಂಪಾದಕ ವಾಕ್ಯಗಳನ್ನು ತಿದ್ದುವುದಿಲ್ಲ; ನಾಲ್ಕಾರು ಪುಟಗಳ ಪತ್ರ ಬರೆಯುತ್ತಾನೆ, ತಿದ್ದುವವನು ಲೇಖಕನೇ. ಅಮೆರಿಕದ ಹಾರ್ಪರ್ ಲೀ 1957ರಲ್ಲಿ ಪ್ರಕಾಶಕರಿಗೆ ಒಂದು ಕಾದಂಬರಿ ಕೊಟ್ಟರು. ಬೆಳೆದ ಹೆಣ್ಣುಮಗಳು ಊರಿಗೆ ಮರಳುವ ಕಥೆ. ಸಂಪಾದಕಿ ಟೇ ಹೊಹಾಫ್ ಅದನ್ನು ಓದಿ, ಬಾಲ್ಯದ ನೆನಪುಗಳಲ್ಲಿ ಜೀವವಿದೆ ಎಂದು ಗುರುತಿಸಿದರು. ಲೀ ಮತ್ತೆ ಮತ್ತೆ ಬರೆದರು. 1960ರಲ್ಲಿ ಬಂದದ್ದು ‘ಟು ಕಿಲ್ ಎ ಮಾಕಿಂಗ್‌ಬರ್ಡ್’. ಮೊದಲಿನ ಹಸ್ತಪ್ರತಿಯೂ 2015ರಲ್ಲಿ ಬೇರೆ ಹೆಸರಿನಿಂದ ಅಚ್ಚಾದ್ದರಿಂದ, ಎರಡನ್ನೂ ಪಕ್ಕದಲ್ಲಿಟ್ಟು ನೋಡಲು ಈಗ ಸಾಧ್ಯವಿದೆ.

ಎರಡನೆಯದು ವಾಕ್ಯಗಳ ಪರಿಷ್ಕರಣೆ. ಆಕಾರ ಸರಿಯಿದ್ದು, ಮಾತು ಎಳೆದಾಡುತ್ತಿದ್ದರೆ, ಒಂದೇ ಸಂಗತಿ ಮೂರು ಸಲ ಬಂದಿದ್ದರೆ, ಇದು ಬೇಕು. ಕಿಟ್ಟ ಮೆತ್ತುವ ಹಂತವಿದು. ಹೆಚ್ಚು ಮೆತ್ತಿದರೆ ಮುಖವೇ ಮುಚ್ಚಿಹೋಗುತ್ತದೆ.

ಮೂರನೆಯದು ಪ್ರತಿ ಪರಿಶೀಲನೆ. ಕಾಗುಣಿತ, ವ್ಯಾಕರಣ, ವಿರಾಮಚಿಹ್ನೆಗಳ ಜೊತೆಗೆ ಮುಖ್ಯವಾಗಿ ಹೊಂದಾಣಿಕೆ. ಮೊದಲ ಅಧ್ಯಾಯದಲ್ಲಿ ‘ಬಸಮ್ಮ’ ಇದ್ದವಳು ಒಂಬತ್ತರಲ್ಲಿ ‘ಬಸವ್ವ’ ಆಗಬಾರದು. ಐದರಲ್ಲಿ ಸತ್ತ ಎತ್ತು ಹತ್ತರಲ್ಲಿ ಹೊಲ ಹೂಡಬಾರದು. ಕಾಲ, ಸ್ಥಳ, ಸಂಗತಿಗಳ ತಪಾಸಣೆಯೂ ಇದರೊಳಗೇ ಬರುತ್ತದೆ.

ನಾಲ್ಕನೆಯದು ಕರಡಚ್ಚು ತಿದ್ದುವುದು. ಪುಟವಿನ್ಯಾಸವಾದ ಮೇಲೆ ಕೊನೆಯ ಕಣ್ಣು. ಅಚ್ಚುಮೊಳೆಯ ಕಾಲ ಹೋಯಿತು, ಇನ್ನೇನು ತಪ್ಪು ಎನ್ನಬೇಡಿರಿ. ನುಡಿ, ಬರಹ ತಂತ್ರಾಂಶಗಳಲ್ಲಿ ಬೆರಳಚ್ಚು ಮಾಡಿದ್ದನ್ನು ಯೂನಿಕೋಡಿಗೆ ಪರಿವರ್ತಿಸುವಾಗ ಅರ್ಕಾವೊತ್ತು, ಒತ್ತಕ್ಷರಗಳು ಪಲ್ಲಟವಾಗುವುದನ್ನು ನೀವೇ ಕಂಡಿದ್ದೀರಿ. ಈ ಕೆಲಸಕ್ಕೆ ಲೇಖಕನ ಕಣ್ಣು ಸಾಲದು. ತಾನು ಬರೆದದ್ದು ಅಲ್ಲಿ ಇದ್ದೇ ಇದೆ ಎಂದು ಅದು ಓದಿಬಿಡುತ್ತದೆ.

ಕ್ರಮ ತಪ್ಪಿದರೆ ಹಣ ಹಾಳು. ಕರಡು ತಿದ್ದಿಸಿದ ಮೇಲೆ ಎರಡು ಅಧ್ಯಾಯ ತೆಗೆದರೆ, ತಿದ್ದಿಸಿದ ಹಣವೂ ಆ ಅಧ್ಯಾಯದೊಡನೆ ಹೋಯಿತು.

ನಮ್ಮ ಸೀಮೆಯ ಕಥೆಗೆ ನಮ್ಮ ಸೀಮೆ ತಿಳಿದವರು

ಮೂರನೆಯ ಬಗೆಯಲ್ಲಿ ಹೇಳಿದ ಸಂಗತಿಗಳ ತಪಾಸಣೆ ನಮ್ಮ ಕಡೆಯ ಕಾದಂಬರಿಗಳಿಗೆ ಬಹಳ ಮುಖ್ಯ. ಕುಷ್ಟಗಿಯ ವಿದ್ಯಾರ್ಥಿಯ ಕೃತಿ 1947–48ರ ಕಾಲದ್ದು. ದೂರದೂರಿನ ಸಂಪಾದಕನಿಗೆ 1947ರ ಆಗಸ್ಟ್ 15 ಇಡೀ ದೇಶದ ಹಬ್ಬ. ಆದರೆ ಆ ದಿನ ಕುಷ್ಟಗಿಯಲ್ಲಿ ತ್ರಿವರ್ಣ ಧ್ವಜ ಹಾರಿಸುವುದು ನಿಜಾಮ ಸರಕಾರದ ಕಣ್ಣಿನಲ್ಲಿ ಅಪರಾಧ. ನಮಗೆ ಬಿಡುಗಡೆ ಬಂದದ್ದು 1948ರ ಸೆಪ್ಟೆಂಬರ್ 17ರಂದು. ಮಧ್ಯದ 13 ತಿಂಗಳುಗಳಲ್ಲಿ ರಜಾಕಾರರ ಹಾವಳಿ, ಗಡಿಯಾಚೆಯ ಶಿಬಿರಗಳು, ಅಳವಂಡಿ ಶಿವಮೂರ್ತಿಸ್ವಾಮಿಯವರು ಮುಂದಾಳಾಗಿದ್ದ ಮುಂಡರಗಿ ಶಿಬಿರ, ಊರು ಬಿಟ್ಟು ಹೋದ ಕುಟುಂಬಗಳು. ಇದನ್ನರಿಯದವನು “ಇಲ್ಲಿ ದಿನಾಂಕ ತಪ್ಪಿದೆ” ಎಂದು ಸರಿಯಾದುದನ್ನೇ ಅಳಿಸಿಯಾನು.

ನಾಣ್ಯದ ಮಾತು ಕೇಳಿರಿ. ಆಗ ಕೊಪ್ಪಳದ ಸಂತೆಯಲ್ಲಿ ನಿಜಾಮರ ‘ಹಾಲಿ’ ರೂಪಾಯಿ. ಗದುಗಿನಲ್ಲಿ ಇಂಗ್ಲಿಷರ ‘ಕಲದಾರ’ ರೂಪಾಯಿ. ಎರಡರ ಬೆಲೆಯೂ ಬೇರೆ. ಹತ್ತಿ ಮಾರಲು ಗಡಿ ದಾಟಿದ ರೈತನ ಅಧ್ಯಾಯದಲ್ಲಿ ಈ ವ್ಯತ್ಯಾಸ ಬರದಿದ್ದರೆ ಹಳಬರು ಪುಸ್ತಕ ಮುಚ್ಚಿಡುತ್ತಾರೆ. ಹಾಗೆಯೇ ‘ಕೊಪ್ಪಳ ಜಿಲ್ಲೆ’ ಎಂಬ ಮಾತು 1997ಕ್ಕಿಂತ ಹಿಂದಿನ ಕಥೆಯಲ್ಲಿ ಬರಬಾರದು. ಆಗ ನಾವು ರಾಯಚೂರು ಜಿಲ್ಲೆಯವರು. ತುಂಗಭದ್ರಾ ಅಣೆಕಟ್ಟಿನ ಕೆಲಸ ಶುರುವಾದದ್ದು 1945ರಲ್ಲಿ, ಮುಗಿದದ್ದು 1953ರಲ್ಲಿ. ಎಡದಂಡೆ ಕಾಲುವೆಯ ನೀರು, ಭತ್ತದ ಗದ್ದೆ, ಆಂಧ್ರದಿಂದ ಬಂದು ನೆಲೆಸಿದವರ ಕ್ಯಾಂಪುಗಳು, ಇವೆಲ್ಲ ಅದರ ನಂತರದ ಗಂಗಾವತಿ. ಆನೆಗುಂದಿ ಭಾಗದ ವಿಜಯನಗರ ಕಾಲದ ಕಾಲುವೆಗಳು ಬೇರೆ. ಅವು ಮೊದಲಿನಿಂದಲೂ ಇದ್ದವು. ಈ ಸೂಕ್ಷ್ಮಗಳಿಗೆ ದೊಡ್ಡ ಶುಲ್ಕದ ಸಂಪಾದಕನಿಗಿಂತ ಊರಿನ ಎಂಬತ್ತು ದಾಟಿದ ಹಿರಿಯರೊಬ್ಬರು ಹೆಚ್ಚು ಉಪಯೋಗಕ್ಕೆ ಬಂದಾರು.

‘ಹೋಗ್ಯಾನ’ ತಪ್ಪೇ?

ಈಗ ನೋವಿನ ಸಂಗತಿ. ಪುಣೆಯ ವಿದ್ಯಾರ್ಥಿ ಬರೆದದ್ದು ತನ್ನ ತಾಯಿಯ ಬದುಕಿನ ಕಥೆ. ಮಳೆಯಿಲ್ಲದ ವರ್ಷಗಳಲ್ಲಿ ಗುಳೆ ಹೋಗಿ, ಕಲ್ಲು ಹೊತ್ತು ಮಗನನ್ನು ಓದಿಸಿದ ತಾಯಿ. ಆಕೆ ಈಗಿಲ್ಲ. ದೂರದ ಊರಿನವರೊಬ್ಬರಿಗೆ ಹಣ ಕೊಟ್ಟು ಆತ ಹಸ್ತಪ್ರತಿಯನ್ನು ‘ಪೂರ್ತಿ ಎಡಿಟಿಂಗ್’ ಮಾಡಿಸಿದ. ಮರಳಿ ಬಂದ ಪ್ರತಿಯಲ್ಲಿ ಕಾಗುಣಿತ ಶುದ್ಧವಾಗಿತ್ತು, ವಾಕ್ಯಗಳು ನೆಟ್ಟಗಿದ್ದವು. ಆದರೆ “ಎದಕ ಅಳ್ತಿ, ನಾ ಅದೀನಲ್ಲ” ಎಂದಿದ್ದ ತಾಯಿ, “ಏಕೆ ಅಳುತ್ತೀಯ, ನಾನಿದ್ದೇನಲ್ಲ” ಎನ್ನುತ್ತಿದ್ದಳು. “ಹೋಗ್ಯಾನ” ಎಂಬುದೆಲ್ಲ “ಹೋಗಿದ್ದಾನೆ” ಆಗಿತ್ತು. “ಸರ್, ಅವ್ವನ ಫೋಟೋ ಒಂದೂ ಇಲ್ಲ, ಇದ್ದದ್ದು ಆಕಿ ಮಾತು. ಅದನ್ನೂ ಅಳಿಸಿ ಕೊಟ್ಟಾರ” ಎಂದು ಅವನು ಫೋನಿನಲ್ಲಿ ಹೇಳಿದಾಗ ನನಗೆ ಬಹಳ ಹೊತ್ತು ಮಾತು ಹೊರಡಲಿಲ್ಲ. ತಿದ್ದಿದವರಿಗೆ ದುರುದ್ದೇಶವಿತ್ತೆಂದು ನಾನು ಹೇಳಲಾರೆ. ಅವರು ಗೊತ್ತಿಲ್ಲದ ಪದದ ಜಾಗದಲ್ಲಿ ಗೊತ್ತಿದ್ದ ಪದ ಇಟ್ಟ ಆ ಹಳೆಯ ಜಾಣ ಲಿಪಿಕಾರರ ವಂಶದವರು, ಅಷ್ಟೇ.

ಕನ್ನಡದ ಇತ್ತೀಚಿನ ಚರಿತ್ರೆ ಇಂಥ ತಿದ್ದುವಿಕೆಗೆ ಒಪ್ಪುವುದಿಲ್ಲ. ದೇವನೂರ ಮಹಾದೇವರ ‘ಕುಸುಮಬಾಲೆ’ (1984) ನಂಜನಗೂಡು ಸೀಮೆಯ ಆಡುಮಾತಿನಲ್ಲಿದೆ. ಬೇರೆ ಕಡೆಯ ಓದುಗರು ಕಷ್ಟಪಟ್ಟು ಓದಿದರು, ಆದರೂ ಓದಿದರು. ಅದಕ್ಕೆ 1990ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಿತು. ನಮ್ಮ ಭಾಗದವರೇ ಆದ ಗೀತಾ ನಾಗಭೂಷಣ ಕಲಬುರಗಿ ಸೀಮೆಯ ಮಾತನ್ನು ಬಿಟ್ಟುಕೊಡದೆ ಬರೆದ ‘ಬದುಕು’ ಕಾದಂಬರಿಗೆ 2004ರಲ್ಲಿ ಅದೇ ಪ್ರಶಸ್ತಿ. 2025ರಲ್ಲಿ ಹಾಸನದ ಬಾನು ಮುಷ್ತಾಕ್ ಅವರ ಹನ್ನೆರಡು ಕಥೆಗಳ ಇಂಗ್ಲಿಷ್ ಸಂಕಲನ ‘ಹಾರ್ಟ್ ಲ್ಯಾಂಪ್’ ಅಂತಾರಾಷ್ಟ್ರೀಯ ಬೂಕರ್ ಪಡೆಯಿತು. ಅನುವಾದಕಿ ದೀಪಾ ಭಾಸ್ತಿ ಕನ್ನಡ, ಉರ್ದು ಪದಗಳನ್ನು ಓರೆ ಅಕ್ಷರದಲ್ಲಿ ಬೇರ್ಪಡಿಸಲಿಲ್ಲ, ಅಡಿಟಿಪ್ಪಣಿ ಹಾಕಲಿಲ್ಲ. ಇಂಗ್ಲಿಷಿಗೆ ಹೋದಾಗಲೂ ನಮ್ಮ ಮಾತಿನ ಸೊಗಡು ಉಳಿಯಬಹುದಾದರೆ, ಕನ್ನಡದಿಂದ ಕನ್ನಡಕ್ಕೆ ಹೋಗುವಾಗ ಅದನ್ನು ಏಕೆ ಕಳೆದುಕೊಳ್ಳಬೇಕು?

ಹಾಗೆಂದು ಆಡುಮಾತಿನ ಕೃತಿಗೆ ಸಂಪಾದನೆಯೇ ಬೇಡವೆಂದಲ್ಲ. ಇನ್ನೂ ಹೆಚ್ಚು ಬೇಕು. ಒಂದೇ ಪಾತ್ರ ಒಮ್ಮೆ “ಐತಿ” ಎಂದು, ಇನ್ನೊಮ್ಮೆ “ಇದೆ” ಎಂದು, ಮತ್ತೊಮ್ಮೆ “ಅದ” ಎಂದರೆ ಅದು ಸೊಗಡಲ್ಲ, ಅಲಕ್ಷ್ಯ. ಕಾರಣವಿದ್ದು ಬದಲಾದರೆ ಮಾತ್ರ ಸರಿ: ಸಾಹೇಬರ ಮುಂದೆ ನಿಂತಾಗ ಹಳ್ಳಿಯವನ ಮಾತು ಬದಲಾಗುತ್ತದಲ್ಲವೇ, ಹಾಗೆ. ಇಂದಿನ ಯಂತ್ರಗಳೂ ಪದಪರೀಕ್ಷೆ ಮಾಡುತ್ತವೆ, ವಾಕ್ಯವನ್ನೂ ನಯ ಮಾಡಿಕೊಡುತ್ತವೆ. ಅವುಗಳಿಗೆ ಪಠ್ಯಪುಸ್ತಕದ ಕನ್ನಡವೇ ಪರಿಚಿತ. ಕೊನೆಯ ಕರಡಿಗೆ ಉಪಯೋಗಿಸಿರಿ. ಅವ್ವನ ಮಾತಿನ ಮೇಲೆ ಬಿಡಬೇಡಿರಿ.

ಮಿತಿ ಮೀರಿದರೆ

ಒಳ್ಳೆಯ ಸಂಪಾದಕನೂ ಮಿತಿ ಮೀರಬಲ್ಲ. ಥಾಮಸ್ ವುಲ್ಫನ ದೈತ್ಯ ಹಸ್ತಪ್ರತಿಯಿಂದ ಹತ್ತಾರು ಸಾವಿರ ಪದಗಳನ್ನು ತೆಗೆಸಿ ಮ್ಯಾಕ್ಸ್‌ವೆಲ್ ಪರ್ಕಿನ್ಸ್ 1929ರಲ್ಲಿ ಅವನ ಮೊದಲ ಕಾದಂಬರಿಯನ್ನು ಹೊರತಂದ. ಮುಂದೆ, ಆ ಪುಸ್ತಕಗಳನ್ನು ಮಾಡಿದವನು ಸಂಪಾದಕನೇ ಎಂಬ ವಿಮರ್ಶಕರ ಮಾತು ವುಲ್ಫನನ್ನು ಚುಚ್ಚಿತು. 1937ರಲ್ಲಿ ಅವನು ಆ ಪ್ರಕಾಶನವನ್ನೇ ಬಿಟ್ಟ. ರೇಮಂಡ್ ಕಾರ್ವರನ 1981ರ ಕಥಾಸಂಕಲನದಲ್ಲಿ ಸಂಪಾದಕ ಗಾರ್ಡನ್ ಲಿಶ್ ಒಟ್ಟು ಬರಹದ ಅರ್ಧಕ್ಕಿಂತ ಹೆಚ್ಚನ್ನು ಕತ್ತರಿಸಿದ. ಪ್ರಕಟಣೆ ನಿಲ್ಲಿಸಿರೆಂದು ಕಾರ್ವರ್ ಸಂಕಟದಿಂದ ಪತ್ರ ಬರೆದರೂ ಪುಸ್ತಕ ಬಂತು, ಹೆಸರನ್ನೂ ತಂದಿತು. ಕತ್ತರಿಸದ ಮೂಲ ಕಥೆಗಳು ಓದುಗರಿಗೆ ಸಿಕ್ಕಿದ್ದು 2009ರಲ್ಲಿ, ಲೇಖಕ ತೀರಿಕೊಂಡು ಎರಡು ದಶಕಗಳಾದ ಮೇಲೆ. ಹೆಸರು ಬಂದರೂ ಅದು ಯಾರ ಕಥೆ ಎಂಬ ಪ್ರಶ್ನೆ ಉಳಿದೇ ಹೋಯಿತು.

ಮೂವರಿಗೂ, ಉಳಿದವರಿಗೂ

ಬರೆದದ್ದನ್ನು ಮೊದಲು ಎರಡು ತಿಂಗಳು ಪೆಟ್ಟಿಗೆಯಲ್ಲಿಡಿರಿ. ಆಮೇಲೆ ಗಟ್ಟಿಯಾಗಿ ಓದಿರಿ. ನಾಲಗೆ ಎಡವಿದಲ್ಲಿ ವಾಕ್ಯ ಎಡವಿರುತ್ತದೆ. ಬಳಿಕ ನಂಬಿಕೆಯ ಇಬ್ಬರಿಗೆ ಕೊಡಿರಿ: ಒಬ್ಬರು ನಮ್ಮ ಊರಿನವರು, ಮತ್ತೊಬ್ಬರು ನಮ್ಮ ಸೀಮೆಯನ್ನು ಕಾಣದವರು. ಇಬ್ಬರೂ ಬೇಸತ್ತ ಪುಟ ಒಂದೇ ಆಗಿದ್ದರೆ ದೋಷ ಆಕಾರದಲ್ಲಿದೆ; ಆಗ ಮೊದಲ ಬಗೆಯ ನೆರವು ಕೇಳಿರಿ. ಊರಾಚೆಯವರು ಮಾತ್ರ ತೊಡರಿದ್ದರೆ ದೋಷ ಬಹುಶಃ ನಿರೂಪಣೆಯ ವಾಕ್ಯಗಳಲ್ಲಿದೆ. ಇಬ್ಬರೂ ಮೆಚ್ಚಿದ್ದರೆ ಪ್ರತಿ ಪರಿಶೀಲನೆ, ಕರಡು ಸಾಕು.

ಹಣ ಕೊಡುವ ಮೊದಲು ಹತ್ತು ಪುಟಗಳನ್ನು ಮಾದರಿಗೆ ತಿದ್ದಿಸಿ ನೋಡಿರಿ. ಏನನ್ನು ಮುಟ್ಟಬೇಕು, ಏನನ್ನು ಮುಟ್ಟಬಾರದು ಎಂಬುದನ್ನು ಬರಹದಲ್ಲಿ ಕೊಡಿರಿ. ಮಾತಿನ ರೂಪಗಳ ಒಂದು ಪಟ್ಟಿಯನ್ನೂ ಜೊತೆಗಿಡಿರಿ. ತಿದ್ದಿದ ಪ್ರತಿಯೊಂದು ಗುರುತೂ ಕಾಣುವಂತಿರಬೇಕು. ಮೂಲ ಪ್ರತಿ ಎಂದೂ ನಿಮ್ಮಲ್ಲಿಯೇ ಇರಬೇಕು, ಕೊನೆಯ ಮಾತೂ ನಿಮ್ಮದೇ ಆಗಿರಬೇಕು. ‘ಪೂರ್ತಿ ಎಡಿಟಿಂಗ್’ ಎಂದು ಒಂದೇ ಉಸುರಿಗೆ ಹೇಳುವವರನ್ನು, ನಾಲ್ಕರಲ್ಲಿ ಯಾವುದು ಎಂದು ವಿನಯದಿಂದ ಕೇಳಿರಿ. ಉತ್ತರದಲ್ಲಿಯೇ ಅವರ ಯೋಗ್ಯತೆ ತಿಳಿಯುತ್ತದೆ.

ಕುಮಾರವ್ಯಾಸನು ತಾನು ಬರೆದುದನ್ನು ಒರೆಸಿ ತಿದ್ದಲಿಲ್ಲವೆಂದು ಹೆಮ್ಮೆಯಿಂದ ಹೇಳಿಕೊಂಡಿದ್ದಾನೆ. ಅವನಿಗೆ ವೀರನಾರಾಯಣನ ಕೃಪೆಯಿತ್ತು. ನಮ್ಮಂಥವರು ತಿದ್ದಿಯೇ ಬರೆಯಬೇಕು, ತಿದ್ದಿಸಿಕೊಳ್ಳಲೂ ಬೇಕು. ಅದರಲ್ಲಿ ನಾಚಿಕೆಯಿಲ್ಲ.

ಪುಣೆಯ ವಿದ್ಯಾರ್ಥಿಗೆ ಒಂದು ಮಾತು. ನೀನು ನನಗೆ ಕಳಿಸಿದ ಮೊದಲ ಪ್ರತಿ ನನ್ನ ಬಳಿ ಭದ್ರವಾಗಿದೆ. ತಿದ್ದಿದ ಪ್ರತಿಯಿಂದ ಕಾಗುಣಿತವನ್ನಷ್ಟೇ ತೆಗೆದುಕೋ. ಅವ್ವನ ಮಾತುಗಳನ್ನು ಮೊದಲ ಪ್ರತಿಯಿಂದ ಒಂದೊಂದಾಗಿ ಮರಳಿ ತಂದು ಕೂಡಿಸು. ಒಬ್ಬನಿಗೆ ಬೇಸರವಾದರೆ ಕೊಪ್ಪಳಕ್ಕೆ ಬಾ, ಇಬ್ಬರೂ ಕೂಡಿ ಮಾಡೋಣ. ಈ ವಿಷಯದಲ್ಲಿ ಅನುಭವವುಳ್ಳ ಉಳಿದ ವಿದ್ಯಾರ್ಥಿಗಳೂ ತಮ್ಮ ಅಭಿಪ್ರಾಯ ಬರೆದು ತಿಳಿಸಬೇಕಾಗಿ ಕೋರುತ್ತೇನೆ.